ಚಿನ್ನಿ ನುಂಗಿದ ನೂಲು

ಹೊಸ ಸೀರೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ನಾರಾಯಣಪೇಟೆಯ ದನದ ದವಾಖಾನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮದು ನೇಕಾರರ ಮನೆ. ಬೆಕ್ಕು ಚಿನ್ನಿ ಎರಡು ದಿನದಿಂದ ಏನೂ ತಿಂದಿರಲಿಲ್ಲ, ಕುಡಿದ ನೀರನ್ನೂ ಕಕ್ಕುತ್ತಿತ್ತು. ಅದನ್ನು ನೂಲಿನ ಬುಟ್ಟಿಯಲ್ಲಿ ಮಲಗಿಸಿ, ಹಳೆಯ ಸೀರೆ ಹೊದಿಸಿ, ಅಜ್ಜಿ ನನ್ನನ್ನೂ ಕರೆದುಕೊಂಡು ಆಟೋ ಹತ್ತಿದಳು.

ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಚಿನ್ನಿಯ ಬಾಯಿ ತೆರೆದು ನೋಡಿದರು. ನಾಲಿಗೆಯ ಬುಡಕ್ಕೆ ಕೆಂಪು ರೇಷ್ಮೆ ನೂಲು ಸುತ್ತಿಕೊಂಡಿತ್ತು. ಅಜ್ಜಿಯ ಕೈ ಅದನ್ನು ಎಳೆಯಲು ಮುಂದಾಯಿತು.

"ಎಳೀಬ್ಯಾಡ್ರಿ ಅಮ್ಮಾ, ಒಳಗ ಕರುಳು ಕೊಯ್ತೈತಿ," ಎಂದು ತಡೆದು, ಡಾಕ್ಟರಮ್ಮ ನಾಲಿಗೆಯ ಸುತ್ತನ್ನಷ್ಟೇ ಕತ್ತರಿಸಿದರು. "ಉಳಿದದ್ದು ತಾನಾಗೇ ಹೊರಗ ಬರಬೇಕು, ಕಾದು ನೋಡೂಣ್ರಿ. ಇಷ್ಟ್ ಉದ್ದ ನೂಲು ಇದಕ್ಕ ಹ್ಯಾಂಗ ಸಿಕ್ತು?"

ನಾನು ಅಜ್ಜಿ ಉಟ್ಟಿದ್ದ ಹೊಸ ಸೀರೆಯ ಸೆರಗಿನಲ್ಲಿ ಮುಖ ಹುದುಗಿಸಿದೆ; ಗಂಜಿ ವಾಸನೆ ಮೂಗಿಗೆ ಬಡಿಯಿತು.

"ನಾನೇ ಮರ್ತು ಮಗ್ಗದ ಕೆಳಗ ಬಿಟ್ಟಿದ್ದೆರಿ," ಎಂದಳು ಅಜ್ಜಿ. ಬೆರಳುದ್ದದ ನೂಲು ಬಿದ್ದರೂ ಆರಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದ ಅಜ್ಜಿ!

ದಿನವೂ ಹೋಗಿ ಚಿನ್ನಿಗೆ ಸೂಜಿ ಹಾಕಿಸಿಕೊಂಡು ಬಂದೆವು. ಮೂರನೆಯ ದಿನ ಬೆಳಿಗ್ಗೆ ಅಜ್ಜಿ, ಚಿನ್ನಿ ಹೊರಕಡೆಗೆ ಹೋಗುತ್ತಿದ್ದ ಹಿತ್ತಲಿನ ಬೂದಿಗುಂಡಿಯ ಬಳಿಯಿಂದ ನನ್ನನ್ನು ಕೂಗಿದಳು. ಅವಳ ಕೈಯಲ್ಲಿದ್ದ ಕಡ್ಡಿಯ ತುದಿಗೆ ಕೆಂಪು ನೂಲು ಜೋತಾಡುತ್ತಿತ್ತು. ಬಾಗಿಲಲ್ಲಿ ಚಿನ್ನಿ ಖಾಲಿ ಬಟ್ಟಲನ್ನು ನೆಕ್ಕುತ್ತಿತ್ತು.

"ಬದುಕ್ತು ನೋಡು ನಿನ್ನ ಬೆಕ್ಕು," ಎಂದ ಅಜ್ಜಿ, ತಾನೇ ಹೊಲಿದಿದ್ದ ಚಿಂದಿ ಬಟ್ಟೆಯ ಚೆಂಡೊಂದನ್ನು ಸೊಂಟದಿಂದ ತೆಗೆದು ನನ್ನ ಕೈಗಿಟ್ಟಳು. "ಇನ್ಮ್ಯಾಲ ಇದರಿಂದ ಅದನ್ನ ಆಡಿಸು."