ಸದ್ದು ಮಾಡುವ ಮೆಷಿನ್

ಅಂಗಡಿಯ ಬಾಗಿಲಲ್ಲೇ ಸೊಸೆ ಗಂಡನ ತೋಳು ಹಿಡಿದು ನಿಲ್ಲಿಸಿದಳು. ಮಾವ ಆಗಲೇ ಒಳಗೆ ಹೋಗಿ, ಸಾಲಾಗಿ ನಿಂತಿದ್ದ ಡಿಶ್‌ವಾಷರುಗಳ ಮುಂದೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ನಿಮ್ಮಪ್ಪನಿಗೆ ಹೇಳಿದ್ದು ನೀವೇ ತಾನೆ?"

"ನಿನ್ನಾಣೆ, ನಾನು ಬಾಯೇ ಬಿಟ್ಟಿಲ್ಲ."

"ಮತ್ತೆ ಅವರಿಗೇನು ಕನಸು ಬಿತ್ತಾ? ಬೆಳಿಗ್ಗೆ ಎದ್ದವರೇ ಚಪ್ಪಲಿ ಮೆಟ್ಟಿಕೊಂಡು 'ಮೆಷಿನ್ ನೋಡೋಕೆ ನಾನೂ ಬರ್ತೀನಿ' ಅಂದ್ರಲ್ಲ!"

ಗಂಡ ತಲೆ ಕೆರೆದುಕೊಂಡ.

ಮೆಷಿನ್ ಮನೆಗೆ ಬರುವ ತನಕ ಮಾವನ ಕಿವಿಗೆ ಬೀಳಬಾರದೆಂದು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಮನೆಯಲ್ಲೇ ಕೇಕ್ ಮಾಡಿ ಮಾರುವವಳು ಅವಳು. ಬೆಳಗಾದರೆ ಟ್ರೇ, ಬೋಗುಣಿ, ಅಂಟಂಟು ಸೌಟುಗಳ ರಾಶಿ. ಅದರ ಮೇಲೆ ಮನೆಮಂದಿಯ ತಟ್ಟೆ ಲೋಟ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಾವ ನಿವೃತ್ತರಾದ ಮಾರನೆಯ ದಿನವೇ ಯಾರನ್ನೂ ಕೇಳದೆ ಸಿಂಕಿನ ಮುಂದೆ ನಿಂತುಬಿಟ್ಟಿದ್ದರು. ಬೇಡವೆಂದರೆ, "ಗ್ರೀಸಿಗಿಂತ ಕ್ರೀಮು ವಾಸಿ ಕಣಮ್ಮ" ಎನ್ನುವರು. ಆದರೆ ಕೇಕ್ ಒಯ್ಯಲು ಬಂದ ಹೆಂಗಸೊಬ್ಬಳು ಮಾವನ ನೊರೆಗೈ ನೋಡಿ, "ಪುಣ್ಯವಂತೆ ಕಣ್ರೀ ನೀವು, ನಮ್ಮನೇಲಿ ಮಾವ ಕುಡಿದ ಲೋಟಾನೂ ಎತ್ತಿಡಲ್ಲ" ಎಂದು ನಕ್ಕಿದ್ದಳು. ಆ ನಗು ಸೊಸೆಯ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಮಾವನ ಕೈಲಿ ಪಾತ್ರೆ ತೊಳೆಸುವವಳು! ಊರೆಲ್ಲ ಹಾಗೆ ಆಡಿಕೊಂಡರೆ ಮುಖ ಎಲ್ಲಿಡುವುದು?

ಇನ್ನೊಂದು ಕಾರಣವೂ ಇತ್ತು. ಅವಳ ಕೋಣೆಗೂ ಅಡುಗೆಮನೆಗೂ ನಡುವೆ ಇದ್ದುದು ಒಂದೇ ಗೋಡೆ. ಸಿಂಕಿನಲ್ಲಿ ಚಮಚ ಬಿದ್ದರೆ ದಿಂಬಿನ ಪಕ್ಕದಲ್ಲೇ ಬಿದ್ದಂತೆ. ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಗಂಡನ ಮುಂದೆ ದಿನದ ಹೊರೆಯೆಲ್ಲ ಇಳಿಸುವ ಅರ್ಧ ಗಂಟೆಯೊಂದೇ ಅವಳದು. ಸರಿಯಾಗಿ ಆ ಹೊತ್ತಿಗೇ ಮಾವನ ಪಾತ್ರೆ ತೊಳೆಯುವ ಕೆಲಸ. ಆದ್ದರಿಂದ ಅವಳದು ಒಂದೇ ಷರತ್ತು: ಮೆಷಿನ್ ಸದ್ದು ಮಾಡಬಾರದು.

ಹಾಗೆ ನೋಡಿದರೆ ಮಾವ ತೊಂದರೆಯ ಮನುಷ್ಯರೇನಲ್ಲ. ಮೊದಮೊದಲು ಪಾತ್ರೆ ಉಜ್ಜುತ್ತಾ ಗಟ್ಟಿಯಾಗಿ ಹಾಡುತ್ತಿದ್ದರು. ಶ್ರುತಿಗೂ ಅವರಿಗೂ ಆಗಿಬರುತ್ತಿರಲಿಲ್ಲ. 'ಆ ಹಾಡೊಂದು ನಿಂತರೆ ಸಾಕಪ್ಪ' ಎಂದು ಅವಳು ಗಂಡನ ಹತ್ತಿರ ಗೊಣಗಿದ ಮರುದಿನದಿಂದ ಹಾಡು ನಿಂತಿತು. ಟೀಯನ್ನು ಸೊರ್ರೆಂದು ಹೀರುವುದು ನಿಂತಿತು. ಊಟಕ್ಕೆ ಕೂತಾಗಿನ ಡಿಪೋ ಕತೆಗಳೂ ನಿಂತವು. ಗಂಡ ನಾಜೂಕಾಗಿ ತಿಳಿಹೇಳಿರಬೇಕೆಂದು ಅವಳು ಮನಸ್ಸಿನಲ್ಲೇ ಮೆಚ್ಚಿಕೊಂಡಳು. 'ಯಾಕೋ ಮಾವ ಮಂಕಾಗಿದಾರೆ ರೀ, ನೋಡೋಕಾಗಲ್ಲ' ಎಂದು ಅವಳು ಗಂಡನ ಮುಂದೆ ಕಣ್ಣೀರಿಟ್ಟ ಮರುದಿನ, ತಿಂಡಿಯ ಹೊತ್ತಿಗೆ ಮಾವ ಒಂದು ಕತೆ ಹೇಳಿದರು. ಒಂದೇ ಒಂದು. ಅದೂ ಚುಟುಕಾಗಿ.

ಅಂಗಡಿಯವನು ಹೊಳೆಯುವ ಮೆಷಿನ್ನೊಂದನ್ನು ಓಡಿಸಿ ತೋರಿಸಿದ. "ಓಡ್ತಿರೋದೇ ಗೊತ್ತಾಗಲ್ಲ ಮೇಡಂ."

"ಒಂದ್ಸಲ ಆ ಕಡೆ ನಿಂತ್ಕೊಂಡು ಏನಾದ್ರೂ ಮಾತಾಡಪ್ಪ," ಎಂದರು ಮಾವ.

ಅವನು ಮೆಷಿನ್ನಿನ ಹಿಂದೆ ನಿಂತು ಅದನ್ನು ಬಾಯ್ತುಂಬ ಹೊಗಳಿದ.

"ಒಂದೊಂದು ಮಾತೂ ಕೇಳಿಸುತ್ತೆ," ಎಂದರು ಮಾವ.

"ಅದೇ ಸಾರ್ ಇದರ ದೊಡ್ಡ ಗುಣ!"

ಮಾವ ತಲೆಯಾಡಿಸಿ ಮುಂದೆ ಹೋದರು. ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದರ ಮುಂದೆ ನಿಂತರು.

"ಅದು ಹಳೇ ಮಾಡೆಲ್ ಸಾರ್. ಸದ್ದು ವಿಪರೀತ."

"ಎಷ್ಟು ವಿಪರೀತ?" ಮಾವನ ಮುಖ ಅರಳಿತು. "ಓಡ್ಸು ನೋಡೋಣ."

ಗುಡ್ಡ ಹತ್ತುವ ಬಸ್ಸಿನಂತೆ ಅದು ಗುಡುಗಿತು. ಅಂಗಡಿಯವನ ತುಟಿಗಳು ಆಡಿದವು. ಮಾತು ಯಾರಿಗೂ ಕೇಳಲಿಲ್ಲ. ಮಾವ ಕಣ್ಣು ಮುಚ್ಚಿ, ಒಳ್ಳೆಯ ಸಂಗೀತ ಕೇಳುವವರಂತೆ ನಿಂತರು.

"ನೀರು ಬದಲಾಯಿಸುವಾಗ ಮಾತ್ರ ಒಂಚೂರು ಸುಮ್ಮನಾಗುತ್ತೆ ಸಾರ್," ಎಂದ ಅವನು, ಅದು ನಿಂತ ಮೇಲೆ.

"ಅಷ್ಟು ಹೊಂದ್ಕೊಂಡು ಹೋಗಬಹುದು. ಇದೇ ಇರಲಿ. ಇದು ನನ್ನ ಉಡುಗೊರೆ."

"ಮಾವ, ಇದರ ಸದ್ದು..." ಎಂದಳು ಸೊಸೆ.

"ಸದ್ದಿದ್ರೇನೇ ಮನೆಗೆ ನೆಮ್ಮದಿ ಕಣಮ್ಮ."

ಉಡುಗೊರೆ ಎಂದಮೇಲೆ ಬೇಡ ಎನ್ನುವುದು ಹೇಗೆ? ದಾರಿಯುದ್ದಕ್ಕೂ ಅವಳ ಮನಸ್ಸು ಕುದಿಯಿತು. ಮಾವನ ಲೆಕ್ಕಾಚಾರ ಅವಳಿಗೆ ಸ್ಪಷ್ಟವಿತ್ತು: ಸಿಂಕ್ ಬಿಟ್ಟುಕೊಡಲು ಮಾವನಿಗೆ ಮನಸ್ಸಿಲ್ಲ. ಈ ರಾಕ್ಷಸನ ಕಾಟ ತಾಳಲಾರದೆ ಸೊಸೆಯೇ ಕೈಮುಗಿದು 'ನೀವೇ ತೊಳೀರಿ ಮಾವ' ಅನ್ನಬೇಕು. ಅಂದರೆ ಮತ್ತೆ ಆ ನೊರೆಗೈ, ಮತ್ತೆ ಆ ಹೆಂಗಸಿನ ನಗು.

ಮೆಷಿನ್ ಬಂದ ದಿನ ಊಟವಾದೊಡನೆ ಮಾವ ತಾವೇ ಪಾತ್ರೆ ಜೋಡಿಸಿ, ಗುಂಡಿ ಒತ್ತಿ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಗೋಡೆ ಅದುರಿತು. ಸೊಸೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನೋಡಿದ್ರಾ, ಬೇಕೂಂತಲೇ..."

"ಏನು? ಕೇಳಿಸ್ತಿಲ್ಲ!"

"ಬೇಕೂಂತಲೇ ತಂದಿದಾರೆ ಅಂದೆ!"

"ಯಾರು?"

ಅವಳು ಎದೆ ತುಂಬ ಉಸಿರೆಳೆದುಕೊಂಡು, ಇದ್ದಬದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದು ಕಿರುಚಿದಳು. "ನಿಮ್ಮಪ್ಪ! ಇಷ್ಟು ಸದ್ದು ಮಾಡಿಸಿ ಅವರಿಗೆ ಏನು ಸಿಗುತ್ತೆ ಅಂತ?"

ಸರಿಯಾಗಿ ಆಗಲೇ ಮೆಷಿನ್ ನೀರು ಬದಲಾಯಿಸಲು ನಿಂತಿತು. ಮನೆಯೆಲ್ಲ ನಿಶ್ಶಬ್ದ.

ದಿಂಬಿನ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ, ಗೋಡೆಯಾಚೆಯಿಂದ ಮಾವನ ಮೆಲುದನಿ ಬಂತು: "ಒಂಚೂರು ತಡಿಯಮ್ಮ, ಅದು ಮತ್ತೆ ಶುರುವಾಗಲಿ. ಆಮೇಲೆ ಹೇಳುವೆಯಂತೆ."