ಬಾಗಿಲ ಬಳಿಯ ಪೆಟ್ಟಿಗೆಗಳು

ದಾನೇಶ್ವರಿ ಕಿವಿ ಹಣ್ಣೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಹಣ್ಣು ತಗ್ಗಿತು. ಇನ್ನೊಂದನ್ನು ಒತ್ತಿದಳು, ಅದೂ ಹಾಗೆಯೇ. ಬಾಗಿಲ ಬಳಿ ಪೇರಿಸಿದ್ದ ಪೆಟ್ಟಿಗೆಗಳೆಲ್ಲ ಮೆತ್ತಗಾಗಿದ್ದವು. ಒಳಗಿನ ಸಾಲುಗಳಲ್ಲೂ ಅಲ್ಲಲ್ಲಿ ಶುರುವಾಗಿತ್ತು. ಮೊನ್ನೆ ಮೊನ್ನೆಯವರೆಗೆ ಇವೇ ಹಣ್ಣುಗಳು ಕಲ್ಲಿನಂತಿದ್ದವು.

“ಇದು ಆ ಕಾವಲುಗಾರ ಗೂಳಪ್ಪಂದೇ ಕೆಲಸ,” ಎಂದಳು.

ಕೋಲ್ಡ್ ಸ್ಟೋರೇಜಿನ ಮಶೀನು ನೋಡಿಕೊಳ್ಳುವ ಜಾಕೀರ್ ತಲೆಯಾಡಿಸಿದ. “ಮಶೀನು ಅಗದಿ ಸರಿ ಐತ್ರಿ ಅಕ್ಕಾರ. ಥಂಡಿ ಒಂದ್ ಚೂರೂ ಕಡಿಮಿ ಆಗಿಲ್ಲ.”

“ಹಂಗಾದ್ರ ಯಾರೋ ಬಾಗಲಾ ತಗದಾರ. ಬಾಗಲ ಬಾಜೂದವೇ ಮೊದಲ ಯಾಕ ಕೆಟ್ಟಾವ, ಹೇಳು?”

ಜಾಕೀರ್ ಮಶೀನನ್ನು ಇನ್ನೊಮ್ಮೆ ನೋಡಿ ಬರಲು ಹೋದ.

ಗುಡಗೇರಿಯ ಈ ಗೋದಾಮಿನಲ್ಲಿ ಮೆಣಸಿನಕಾಯಿ ಬಿಟ್ಟು ಬೇರೇನೂ ಕಾಲಿಟ್ಟಿರಲಿಲ್ಲ. ಗ್ರೀಸ್ ದೇಶದಿಂದ ಕಿವಿ ಹಣ್ಣು ತರಿಸಿ ಹುಬ್ಬಳ್ಳಿ, ಗದಗ, ಬೆಳಗಾವಿಗೆ ಸಗಟಾಗಿ ಹಂಚುವ ಯೋಚನೆ ದಾನೇಶ್ವರಿಯದು. ಎಷ್ಟೋ ತೋಟದವರ ಜೊತೆ ಫೋನಿನಲ್ಲಿ ಹರಕು ಮುರುಕು ಇಂಗ್ಲಿಷಿನಲ್ಲಿ ಹೆಣಗಿ, ಕಡೆಗೆ ಎಲೆನಿ ಎಂಬ ಹೆಂಗಸನ್ನು ಒಪ್ಪಿಸಿದ್ದಳು. “ಖಾರ ಮಾರೋ ಮನ್ಯಾಗ ಸೊಸಿ ಕಿವಿ ಮಾರ್ತಾಳಂತ!” ಎಂದು ಮಾವ ಮಡಿವಾಳೆಪ್ಪ ಊರ ಮುಂದೆ ನಕ್ಕಿದ್ದರು. ನಕ್ಕು ಸುಮ್ಮನಾಗುವ ಮನುಷ್ಯರಲ್ಲ. ಮೊದಲ ಮಾಲು ಕೆಟ್ಟರೆ ಗೋದಾಮಿನ ಕೀಲಿಕೈ ತಮಗೆ ವಾಪಸ್ಸು, ಆಮೇಲೆ ಅವಳು ವ್ಯಾಪಾರದ ಮಾತೆತ್ತಬಾರದು ಎಂದು ಹಿರಿಯರ ಎದುರಿಗೇ ಒಪ್ಪಿಸಿಕೊಂಡಿದ್ದರು.

ಶುಕ್ರವಾರ ಹುಬ್ಬಳ್ಳಿಯ ಹಣ್ಣಿನ ವ್ಯಾಪಾರಿ ಹಾರೂನ್ ಬರುವವನಿದ್ದ. ಗಟ್ಟಿ ಮಾಲಿದ್ದರೆ ಅಷ್ಟನ್ನೂ ಎತ್ತುತ್ತೇನೆ, ಮುಂದಿನ ವರ್ಷವೂ ನಿಮ್ಮದೇ ಮಾಲು ಎಂದಿದ್ದ. ಮೆತ್ತಗಾದದ್ದನ್ನು ಅವನು ಮುಟ್ಟುವವನಲ್ಲ.

ಗೂಳಪ್ಪ ಗೋದಾಮಿನ ಹಳೆಯ ಕಾವಲುಗಾರ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಹೇಳುವುದು? ಬಾಗಿಲ ಪಕ್ಕದ ಒಳಗೋಡೆಯಲ್ಲಿ ಶ್ರೀಶೈಲ ಮಲ್ಲಯ್ಯನ ಫೋಟೋ ಇತ್ತು. ಒಳಗೆ ಮಾಲಿರುವಷ್ಟು ಕಾಲವೂ ಸೋಮವಾರಕ್ಕೊಮ್ಮೆ ಅದರ ಮುಂದೆ ಹಣ್ಣಿನ ತಾಟು ಇಡಬೇಕು, ಮಾಲು ಹೊರಬೀಳುವವರೆಗೆ ಎತ್ತಬಾರದು. ಮೆಣಸಿನಕಾಯಿಯ ಕಾಲದಿಂದ ನಡೆದು ಬಂದ ಪದ್ಧತಿ ಅದು. ಆದರೆ ದಾನೇಶ್ವರಿ ಇಟ್ಟ ತಾಟು ಮರುದಿನವೇ ಖಾಲಿಯಾಗುತ್ತಿತ್ತು. ಇಲಿ ಎಂದುಕೊಂಡಳು. ಆ ಥಂಡಿಯಲ್ಲಿ ಇಲಿ ಎಲ್ಲಿಂದ ಬರಬೇಕು ಎಂದು ಹೊಳೆದದ್ದು ತಡವಾಗಿ.

ಕೆಲವು ದಿನಗಳ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಕಾದು ನಿಂತು ಹಿಡಿದಿದ್ದಳು. ಗೂಳಪ್ಪನ ಕಂಬಳಿಯಿಂದ ಸೇಬು ಉರುಳಿದವು, ಬಾಳೆಹಣ್ಣು ಬಿದ್ದವು.

“ಮಗಳು ಬಸಕ್ಕ ಬಾಣಂತನಕ್ಕ ಬಂದಾಳ್ರಿ ಅವ್ವಾರ. ಎರಡ ಜೀವದಾಕಿ,” ಎಂದ ತಲೆ ತಗ್ಗಿಸಿ.

“ಕೇಳಿದ್ರ ನಾ ಕೊಡತಿದ್ದಿಲ್ಲೇನು?”

“ದೇವರ ಮುಂದಿಂದು ಕೇಳಿದ್ರ ಯಾರ್ ಕೊಡತಾರ್ರಿ?”

ದಾನೇಶ್ವರಿಗೆ ಒಂದು ಕ್ಷಣ ಅಯ್ಯೋ ಎನಿಸಿತು. ಆದರೆ ದೇವರದ್ದನ್ನೇ ಬಿಡದವನು ನಾಳೆ ಮಾಲು ಬಿಟ್ಟಾನೆಯೇ? ಕೆಲಸ ಬಿಡಿಸಿದಳು. ಗೂಳಪ್ಪ ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟು, “ಇನ್ನ ನಿಮ್ಮ ಮಾಲನ್ನ ಆ ಮಲ್ಲಯ್ಯನೇ ಕಾಯಬೇಕ್ರಿ,” ಎಂದು ಹೊರಟುಹೋದ. ಆ ಮಾತು ಅವಳ ಕಿವಿಯಲ್ಲಿ ಮುಳ್ಳಿನಂತೆ ಕೂತಿತು.

ಹಣ್ಣು ಮೆತ್ತಗಾಗತೊಡಗಿದ್ದು ಅವನು ಹೋದ ಮೇಲೆಯೇ.

ಮೆತ್ತಗಾದದ್ದು ಕಂಡ ದಿನವೇ ಬೀಗ ಬದಲಿಸಿದಳು. ಹೊಸ ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ದೇವರ ತಾಟು ದೊಡ್ಡದಾಯಿತು. ಸೋಮವಾರಕ್ಕೆ ಕಾಯದೆ ದಿನಾ ಹೊಸ ಹಣ್ಣು ಇಟ್ಟು ಕೈಮುಗಿದಳು. ಹಣ್ಣು ಮಾತ್ರ ಮೆತ್ತಗಾಗುತ್ತಲೇ ಹೋಯಿತು.

ಬುಧವಾರ ತಡೆಯಲಾರದೆ ಗೂಳಪ್ಪನ ಮನೆಗೇ ನಡೆದಳು. “ಕಳ್ಳ ಕೀಲಿ ಮಾಡಿಸೀಯೇನು? ಖರೇ ಹೇಳು!”

“ಆ ಹೊಸ್ತಿಲಾ ದಾಟಿದ ಮ್ಯಾಲೆ ಹೊಳ್ಳಿ ನೋಡಿಲ್ರಿ ಅವ್ವಾರ,” ಎಂದ ಅವನು, ಅಷ್ಟೇ.

ತುಂಬು ಬಸುರಿ ಬಸಕ್ಕ ಒಳಗಿನಿಂದ ನೀರು, ಬೆಲ್ಲ ತಂದಿಟ್ಟಳು. ಅವಳ ಮುಖ ಬಿಳಿಚಿಕೊಂಡಿತ್ತು. ದಾನೇಶ್ವರಿ ನೀರು ಮುಟ್ಟದೆ ಎದ್ದು ಬಂದಳು. ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಯಾಕೆಂದು ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಮಡಿವಾಳೆಪ್ಪ ಗೋದಾಮಿನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕೀಲಿಕೈಗಾಗಿ ಅಂಗೈ ತೊಡೆಯ ಮೇಲೆ ತೆರೆದಿತ್ತು. ಬೇರೆ ದಾರಿ ಕಾಣದೆ ದಾನೇಶ್ವರಿ ಒಳಗೆ ಹೋಗಿ ಎಲೆನಿಗೆ ವಿಡಿಯೋ ಕಾಲ್ ಮಾಡಿದಳು. ಮಶೀನು ತೋರಿಸಿದಳು, ಹೊಸ ಬೀಗ ತೋರಿಸಿದಳು, ಪೆಟ್ಟಿಗೆಗಳನ್ನು ತೋರಿಸಿದಳು. ಎಲ್ಲವೂ ಸರಿಯಾಗಿದೆ, ಇದು ಮನುಷ್ಯರ ದ್ರೋಹ ಎಂದಳು.

“ನಿಲ್ಲು. ಆ ತಟ್ಟೆಯಲ್ಲಿ ಏನಿದೆ?” ಎಂದಳು ಎಲೆನಿ.

“ದೇವರಿಗಿಟ್ಟ ಹಣ್ಣು. ಸೇಬು, ಬಾಳೆ.”

“ಯಾವಾಗಿನಿಂದ ಇಡುತ್ತಿದ್ದೀಯ?”

“ಮಾಲು ಬಂದ ದಿನದಿಂದ. ಒಂದು ಸೋಮವಾರವೂ ತಪ್ಪಿಸಿಲ್ಲ,” ಎಂದಳು ದಾನೇಶ್ವರಿ ಹೆಮ್ಮೆಯಿಂದಲೇ.

ಎಲೆನಿ ಹಣೆ ಹಿಡಿದುಕೊಂಡಳು. ಮುಚ್ಚಿದ ಕೋಣೆಯಲ್ಲಿ ಮಾಗಿದ ಸೇಬು, ಬಾಳೆ ಇಟ್ಟರೆ ಅವು ಬಿಡುವ ಗಾಳಿಗೆ ಸುತ್ತಲಿನ ಕಿವಿಯೆಲ್ಲ ಮಾಗುತ್ತದೆ, ಎಷ್ಟು ಥಂಡಿಯಿದ್ದರೂ ತಡೆಯುವುದಿಲ್ಲ ಎಂದಳು. ದಾನೇಶ್ವರಿಗೆ ಕಲಘಟಗಿಯ ತವರುಮನೆ ಕಣ್ಣ ಮುಂದೆ ಬಂತು. ಮಾವಿನಕಾಯಿ ಬೇಗ ಹಣ್ಣಾಗಲೆಂದು ಹುಲ್ಲಿನ ನಡುವೆ ಅವ್ವ ಒಂದು ಮಾಗಿದ ಹಣ್ಣು ಹುಗಿಯುತ್ತಿದ್ದಳು. ಮೆಣಸಿನಕಾಯಿಯ ಮನೆ ಸೇರಿದ ಮೇಲೆ ಅದು ಮರೆತೇ ಹೋಗಿತ್ತು.

“ಒಂದು ಮಾತ್ರ ನನಗೆ ಅರ್ಥವಾಗುತ್ತಿಲ್ಲ,” ಎಂದಳು ಎಲೆನಿ. “ಮೊನ್ನೆಯವರೆಗೆ ನಿನ್ನ ಮಾಲು ಕಲ್ಲಿನಂತೆ ಇತ್ತು ಎಂದೆಯಲ್ಲ, ಆಗ ಆ ತಟ್ಟೆಯನ್ನು ಖಾಲಿ ಮಾಡುತ್ತಿದ್ದವರು ಯಾರು?”