ಅವ್ವನ ಬಲಗೈ ಮತ್ತು ಆಮೆಮರಿ

ಗದಗಿನಲ್ಲಿ ಪೇಂಟ್ ಅಂಗಡಿ ಇಟ್ಟಿರುವ ಚನ್ನವೀರ ಅವತ್ತು ಕಾರಿನ ಡಿಕ್ಕಿಗೆ ತುಂಬಿದ ಸಾಮಾನು ನೋಡಿದವರು, ಇವನು ಊರೇ ಬಿಡುತ್ತಿದ್ದಾನೆ ಅಂದುಕೊಳ್ಳಬೇಕು...

ವೀಲ್‌ಚೇರ್, ದಿಂಬುಗಳು, ಬಿಸಿನೀರಿನ ಫ್ಲಾಸ್ಕ್, ಮಾತ್ರೆ ಡಬ್ಬಿ, ಅವ್ವನಿಗೆ ಉಣಿಸುವ ಚಮಚ, ಕಾಲಿಗೆ ತಿಕ್ಕುವ ಎಣ್ಣೆ ಕೂಡ.

ಹೊರಟಿದ್ದು ಹೊನ್ನಾವರದ ಕಡಲ ದಂಡೆಗೆ. ಮೊಟ್ಟೆಯೊಡೆದು ಬಂದ ಆಮೆಮರಿಗಳು ಸಮುದ್ರ ಸೇರುವುದನ್ನು ಅವ್ವನಿಗೆ ತೋರಿಸಲು.

ಅವನ ಅವ್ವ ನೀಲವ್ವನಿಗೆ ಕಳೆದ ಶ್ರಾವಣದಲ್ಲಿ ಲಕ್ವಾ ಹೊಡೆದಿತ್ತು. ಓಣಿಗೆಲ್ಲ ಕೇಳುವಂತೆ ರೊಟ್ಟಿ ಬಡಿಯುತ್ತಿದ್ದ ಬಲಗೈ ಸುಮ್ಮನೆ ಮಡಿಲಿಗೆ ಬಿತ್ತು.

ಕಾಲು ಹೇಗೋ ಚೇತರಿಸಿಕೊಂಡಿತು. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ನಡೆಯುತ್ತಿದ್ದಳು. ಕೈ ಮಾತ್ರ ಏಳಲಿಲ್ಲ...

"ದಿನಾ ರಬ್ಬರ್ ಚೆಂಡು ಹಿಸುಕಿಸಿ. ಬಳಸದಿದ್ದರೆ ಈ ಕೈ ಹೀಗೇ ಉಳಿದುಬಿಡಬಹುದು" ಅಂದಿದ್ದರು ಡಾಕ್ಟರು.

ಅವ್ವ ಒಂದಷ್ಟು ದಿನ ಹಿಸುಕಿದಳು. ಆಮೇಲೆ ಚೆಂಡು ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂತಿತು.

ಚನ್ನವೀರ ಹಠ ತೊಟ್ಟುಬಿಟ್ಟ. ನನ್ನ ಅವ್ವ ಒಂದು ಕಡ್ಡಿಯನ್ನೂ ಎತ್ತಿಡಬಾರದು!

ತುತ್ತು ಅವನೇ ಉಣಿಸುವುದು, ನೀರು ಅವನೇ ಕುಡಿಸುವುದು. ಬಂದವರೆಲ್ಲ "ಮಗ ಅಂದ್ರ ಹಿಂಗಿರಬೇಕು ನೋಡು" ಅಂದಾಗ ಅವನ ಎದೆ ಉಬ್ಬುತ್ತಿತ್ತು. ಉಬ್ಬಲಿ ಬಿಡಿ, ಪ್ರೀತಿಯೇನೂ ಸುಳ್ಳಲ್ಲ.

ಏನನ್ನೂ ಕೇಳದ ಅವ್ವ ಒಂದು ದಿನ ಮೊಬೈಲಿನಲ್ಲಿ ಆಮೆಮರಿಗಳ ವಿಡಿಯೋ ನೋಡಿ, "ಇವನ್ನ ಕಣ್ಣಾರೆ ನೋಡಬೇಕಲ್ಲೋ ಚನ್ನಾ..." ಅಂದಳು.

ಬಂಧುಗಳು ಬೇಡವೆಂದರು. ಇಂಥ ಸ್ಥಿತಿಯಲ್ಲಿ ಅಷ್ಟು ದೂರವಾ? ಆದರೆ ಚನ್ನವೀರ, "ಅವ್ವ ಬಾಯಿಬಿಟ್ಟು ಕೇಳ್ಯಾಳ. ಹೋಗೂದಂದ್ರ ಹೋಗೂದ" ಅಂದುಬಿಟ್ಟ.

ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಅವ್ವ ಕಿಟಕಿಗೆ ಮುಖ ಹಚ್ಚಿದ್ದಳು. ಬಯಲುಸೀಮೆಯ ಎರೆನೆಲದಲ್ಲಿ ಹುಟ್ಟಿ ಬೆಳೆದವಳಿಗೆ ಕಣ್ಣು ಹಾಯುವಷ್ಟೂ ಹಸಿರು.

"ಇಲ್ಲೊಂಚೂರು ಇಳೀಲೇನೋ?"

"ಬ್ಯಾಡಬೇ, ಕಾಲು ಜಾರಿದರ? ಇಲ್ಲಿಂದನ ನೋಡು." ಅವನು ಗಾಜು ಇಳಿಸಿದ.

ಚಹಾಕ್ಕೆ ನಿಂತಾಗ ಅವ್ವ ಕಪ್ಪಿನ ಕಡೆ ಬಲಗೈ ಸರಿಸಿದಳು. "ಚೆಲ್ಲತೈತಿ ಬೇ..." ಅಂತ ಅವನೇ ಬಾಯಿಗೆ ಹಿಡಿದ. ಅವ್ವ ಕೈ ಹಿಂದಕ್ಕೆ ಎಳೆದುಕೊಂಡು ಕುಡಿದಳು.

ಮರುದಿನ ನಸುಕಿನಲ್ಲಿ ದಂಡೆಗೆ ಹೋದರೆ, ವೀಲ್‌ಚೇರ್ ಉಸುಕಿನಲ್ಲಿ ಹೂತುಕೊಂಡಿತು!

ತೋಳು ಹಿಡಿದು ನಿಧಾನಕ್ಕೆ ನಡೆಸಿ, ಅವ್ವನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ. ತಾನು ಅವಳ ಬಲಕ್ಕೆ ನಿಂತ.

ಮರಿಗಳ ಬುಟ್ಟಿ ಹಿಡಿದು ಬಂದ, ಆಮೆಮೊಟ್ಟೆಗಳ ಕಾವಲಿನ ಹೆಂಗಸು ನೀರಿನಿಂದ ದೂರದಲ್ಲೇ ಅವುಗಳನ್ನು ಉಸುಕಿಗೆ ಬಿಟ್ಟಳು.

"ಯಾರೂ ಮುಟ್ಟಬೇಡಿ. ತಾವಾಗೇ ನಡ್ದು ಹೋಗ್ಬೇಕು ಅವು. ನಡ್ದ್ರೇ ಬಲ ಬರೂದು."

ಅಂಗೈಯಷ್ಟೂ ಇಲ್ಲದ ಕಪ್ಪು ಮರಿಗಳು... ಪುಟ್ಟ ರೆಕ್ಕೆಗಾಲು ಬಡಿಯುತ್ತಾ, ನಿಲ್ಲುತ್ತಾ, ಮತ್ತೆ ತೆವಳುತ್ತಾ ಹೊರಟವು. ಒಂದೊಂದಾಗಿ ಅಲೆ ಸೇರಿದವು.

ಕೊನೆಗೆ ಒಂದು ಉಳಿಯಿತು. ನೀರಿನ ಹತ್ತಿರ ಹೋಗುತ್ತಿದ್ದಂತೆ ಅಲೆಯೊಂದು ಬಂದು ಅದನ್ನು ಅಂಗಾತ ಕೆಡವಿತು. ಕಾಲು ಮೇಲೆ ಮಾಡಿ ಒದ್ದಾಡುತ್ತಿತ್ತು ಪಾಪ.

ಚನ್ನವೀರನಿಗೆ ತಡೆಯಲಾಗಲಿಲ್ಲ. ಎತ್ತಿಬಿಡೋಣ ಅಂತ ಮುಂದೆ ಹೆಜ್ಜೆ ಇಟ್ಟ...

ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದರು.

"ಬಿಡೋ. ಅದು ತಾನ ಹೊಳ್ಳತೈತಿ."

ಅವ್ವನ ಕಣ್ಣು ಮರಿಯ ಮೇಲೇ ಇತ್ತು. ಅಷ್ಟರಲ್ಲಿ ಮರಿ ಒದ್ದು ಒದ್ದು ಮಗ್ಗುಲಾಯಿತು, ಹೊರಳಿತು... ಮುಂದಿನ ಅಲೆಯೊಳಗೆ ನುಸುಳಿ ಮರೆಯಾಯಿತು. ನೆರೆದವರು ಚಪ್ಪಾಳೆ ತಟ್ಟಿದರು.

ಚನ್ನವೀರ ತಟ್ಟಲಿಲ್ಲ. ಅವನು ತನ್ನ ಅಂಗಿಯ ಅಂಚನ್ನೇ ನೋಡುತ್ತಿದ್ದ.

ಅದನ್ನು ಹಿಡಿದಿದ್ದು ಅವ್ವನ ಬಲಗೈ. ಬೆರಳು ಪೂರ್ತಿ ಮಡಚಿರಲಿಲ್ಲ, ಆದರೂ ಹಿಡಿತ ಬಿಟ್ಟಿರಲಿಲ್ಲ.

"ಯವ್ವಾ... ನಿನ್ನ ಕೈ..."

ಆಗ ಅವ್ವನೂ ನೋಡಿಕೊಂಡಳು.

"ಚನ್ನಾ, ನೀ ನನಗ ಏನೂ ಕಡಿಮಿ ಮಾಡಿಲ್ಲಪ್ಪ. ಆದರ ಈ ಕೈಗೆ ಮಾಡಾಕ ಕೆಲಸಾನ ಉಳಿಸಿಲ್ಲ ನೋಡು ನೀನು..."

ಚನ್ನವೀರ ಅಲ್ಲೇ ಉಸುಕಿನಲ್ಲಿ ಕೂತು, ಅವ್ವನ ಮೊಣಕಾಲಿಗೆ ಹಣೆ ಹಚ್ಚಿ ಅತ್ತುಬಿಟ್ಟ.

"ಅಳೂದು ಆಮ್ಯಾಲ. ಹಸಿವಾಗೇತಿ ನಡಿ" ಅಂದಳು ಅವ್ವ.

ಹೋಟೆಲಿನಲ್ಲಿ ಇಡ್ಲಿ ಬಂತು. ಅವನ ಕೈ ಅಭ್ಯಾಸಬಲದಿಂದ ಚಮಚದ ಕಡೆ ಹೋಯಿತು. ಅವ್ವ ಕಣ್ಣಲ್ಲೇ ಗದರಿದಳು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಅರ್ಧ ಇಡ್ಲಿ ಟೇಬಲ್ ಮೇಲೆ ಬಿತ್ತು, ಚಟ್ನಿ ಸೀರೆಗಾಯಿತು. ಅವ್ವ ಬಿಡಲಿಲ್ಲ. ಬಲಗೈಯಿಂದಲೇ ಉಂಡೆದ್ದಳು.

"ಆ ಚೆಂಡು ಎಲ್ಲಿಟ್ಟೀಯೋ?"

ಡಿಕ್ಕಿ ತುಂಬ ಸಾಮಾನು... ಚೆಂಡೊಂದನ್ನೇ ಅವನು ತಂದಿರಲಿಲ್ಲ! ಪೇಟೆಯಲ್ಲಿ ಮಕ್ಕಳಾಡುವ ರಬ್ಬರ್ ಚೆಂಡೊಂದನ್ನು ಕೊಂಡು ಕೊಟ್ಟ.

ವಾಪಸು ಬರುವಾಗ ಘಟ್ಟದಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತ. ಅವ್ವ ಬಾಗಿಲು ಹಿಡಿದು ತಾನೇ ಇಳಿದಳು. ಕಣ್ಣು ತುಂಬುವಷ್ಟು ಕಾಡು ನೋಡಿದಳು.

"ಬರೂ ಶ್ರಾವಣಕ್ಕ ರೊಟ್ಟಿ ನಾನ ಬಡಿತೀನಿ" ಅಂದಳು ಮತ್ತೆ ಕಾರು ಹತ್ತುತ್ತಾ.

ಮುಂದಿನ ತಿರುವಿನಲ್ಲಿ ಚೆಂಡು ಜಾರಿ ಅವಳ ಕಾಲಬುಡಕ್ಕೆ ಉರುಳಿತು. ಚನ್ನವೀರನ ಕೈ ಸ್ಟಿಯರಿಂಗ್ ಬಿಟ್ಟು ಅತ್ತ ಚಾಚಿತು... ಮತ್ತೆ ಸ್ಟಿಯರಿಂಗ್ ಮೇಲೆ ಬಂದು ಕೂತಿತು.

ಅವ್ವ ಬಗ್ಗಿ, ತಡಕಾಡಿ, ಬಲಗೈಯಿಂದ ಚೆಂಡು ಎತ್ತಿಕೊಂಡಳು.

*ನಮ್ಮವರಿಗೆ ಆಸರೆಯಾಗಿ ನಿಲ್ಲೋಣ... ಆದರೆ ಅವರ ಪಾಲಿನ ಪ್ರಯತ್ನವನ್ನೂ ನಾವೇ ಮಾಡಿಬಿಡುವುದು ಬೇಡ.*

ಪ್ರೀತಿಯ ಹೆಸರಿನಲ್ಲಿ ನೀವು ಯಾರ ಕೈಯಿಂದ ಕೆಲಸ ಕಸಿದುಕೊಂಡು ಕೂತಿದ್ದೀರಿ?